ಮನೆಯನ್ನು ಹೊತ್ತ ಪಯಣ

ಪ್ರವಾಸಗ್ರಂಥವನ್ನು ಬರೆಯುವುದು ಸುಲಭವೆಂಬ ಭ್ರಮೆಯು ನಮ್ಮಲ್ಲಿ ಬಹುದಿನಗಳಿಂದ ಬೇರೂರಿರುತ್ತದೆ. ಕಂಡುದನ್ನು ಕಂಡಂತೆ ಬರೆದರಾಯಿತು, ಅದಕ್ಕೆ ಪ್ರತಿಭೆಯೇಕೆ ಎಂದು ಕೇಳುವವರುಂಟು. ಆದರೆ ಕಾಣುವುದೇ ಕಠಿನವಾದ ಕೆಲಸ. ವಾಹನದಲ್ಲಿಯೇ ಹಾಸಿಗೆ, ಒಲೆ, ಪಾತ್ರೆಪದಾರ್ಥಗಳನ್ನಿಟ್ಟುಕೊಂಡು ದೂರದ ಕಾಡುಮೇಡುಗಳಲ್ಲಿ ಸಂಚರಿಸುವ ಪದ್ಧತಿಯು ಈಗ ನಮ್ಮ ನಾಡಿನಲ್ಲಿಯೂ ಕಾಲಿಟ್ಟಿರುವುದರಿಂದ, ಅಂತಹ ಪಯಣದಿಂದ ಎಂತಹ ಸಾಹಿತ್ಯವು ಹುಟ್ಟಬಲ್ಲುದೆಂದು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ಬಗೆಯ ಗ್ರಂಥಗಳಲ್ಲಿ ಹೆಸರಾದುದು ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ಕನ ‘ಟ್ರಾವೆಲ್ಸ್ ವಿತ್ ಚಾರ್ಲಿ’. 1960ರಲ್ಲಿ ಅವನು ಒಂದು ಸಣ್ಣ ಲಾರಿಯ ಬೆನ್ನ ಮೇಲೆ ಮನೆಯನ್ನು ಕೂಡಿಸಿ, ಅದಕ್ಕೆ ಡಾನ್ ಕ್ವಿಕ್ಸೋಟನ ಬಡಕುದುರೆಯ ಹೆಸರನ್ನಿಟ್ಟು, ತನ್ನ ನಾಯಿಯೊಡನೆ ದೇಶಸಂಚಾರಕ್ಕೆ ಹೊರಟನು. ಗ್ರಂಥವು 1962ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವನಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಉತ್ತರದ ಗಡಿಯ ಮೇನ್ ಪ್ರಾಂತದಲ್ಲಿ ಆಲೂಗಡ್ಡೆ ಕೀಳಲು ಕೆನಡಾದಿಂದ ಬಂದಿಳಿದ ಕೂಲಿ ಕುಟುಂಬಗಳ ಪ್ರಸಂಗವು ನಮ್ಮ ಮತದಲ್ಲಿ ಈ ಗ್ರಂಥದ ಜೀವಾಳ. ನಾಯಿಯನ್ನು ರಾಯಭಾರಿಯಾಗಿ ಮುಂದೆ ಕಳುಹಿ, ಆ ನೆವದಿಂದ ಪರಿಚಯ ಬೆಳೆಸಿ, ಅವರನ್ನು ತನ್ನ ಗಾಡಿಯ ಮನೆಗೆ ಕರೆದು ಪಾನೀಯವನ್ನಿತ್ತು ಸತ್ಕರಿಸುತ್ತಾನೆ. ಮನೆಯನ್ನು ಹೊತ್ತು ತಿರುಗುವವನು ಪರರ ಬಾಗಿಲನ್ನು ತಟ್ಟಬೇಕಾಗಿಲ್ಲ; ಆದಕಾರಣ ಅತಿಥಿಯಾಗುವ ಭಾಗ್ಯವನ್ನು ಅವನು ಕಳೆದುಕೊಳ್ಳುತ್ತಾನೆ. ಅಂಥವನು ತಾನೇ ಆತಿಥೇಯನಾದರೆ ಮಾತ್ರ ಜನರು ಅವನಿಗೆ ದೊರೆಯುವರು. ಸ್ಟೈನ್‌ಬೆಕ್ಕನು ಈ ಮರ್ಮವನ್ನು ಬಲ್ಲವನಾಗಿದ್ದನು.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚಲಾಗದು. 2010ರಲ್ಲಿ ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತನು ಅದೇ ದಾರಿಯನ್ನು ಹಿಡಿದು ಹೋಗಿ, ಲೇಖಕನು ಅನೇಕ ರಾತ್ರಿಗಳನ್ನು ವಸತಿಗೃಹಗಳಲ್ಲಿ ಕಳೆದನೆಂದೂ ಹಲವು ಸಂಭಾಷಣೆಗಳು ಕಲ್ಪಿತವೆಂದೂ ವಾದಿಸಿದನು. 2012ರ ಆವೃತ್ತಿಯ ಪೀಠಿಕೆಯೂ ಗ್ರಂಥವನ್ನು ಅಕ್ಷರಶಃ ನಂಬಲಾಗದೆಂದು ಎಚ್ಚರಿಸಿತು. ಕಾದಂಬರಿಕಾರನಿಗೆ ಕಲ್ಪನೆಯು ಸಹಜವೆಂದು ಕೆಲವರು ಸಮಾಧಾನ ಹೇಳುವರು. ನಾವು ಅದನ್ನು ಒಪ್ಪೆವು. ಕಾದಂಬರಿಯ ಪಾತ್ರಗಳಿಗೆ ಲೇಖಕನೇ ಒಡೆಯ; ದಾರಿಯಲ್ಲಿ ಕಂಡ ಮನುಷ್ಯನಿಗೆ ಅವನು ಒಡೆಯನಲ್ಲ. ಆಡದ ಮಾತನ್ನು ಅವನ ಬಾಯಲ್ಲಿಡುವುದು ಋಣಭಂಗವೇ ಸರಿ.

ಕನ್ನಡದಲ್ಲಿ ಈ ಪ್ರಕಾರವು ಬಡವಾಗಿಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ನಮ್ಮ ನೆರೆಯ ಹಂಪೆಯನ್ನೇ ಕುರಿತುದು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಎಂಬ ಗ್ರಂಥದ ಹೆಸರೇ ಅರ್ಥಗರ್ಭಿತವಾಗಿದೆ: ಲೇಖಕರೂ ಅವರ ಊರೂ ಒಂದೇ ಹೆಸರಿನಿಂದ ಕಡಲನ್ನು ದಾಟಿದರು. ತನ್ನ ಊರನ್ನು ಎದೆಯಲ್ಲಿಟ್ಟುಕೊಂಡು ಹೊರಟವನಿಗೆ ಪರರ ಊರೂ ಊರಾಗಿ ಕಾಣುವುದು.

ಇಲ್ಲದಿದ್ದರೆ ಎಲ್ಲವೂ ‘ನಿರ್ಜನ’ವಾಗಿ ತೋರುವುದು. 1942ರಲ್ಲಿ ನಿರ್ಮಿತವಾದ ಅಲಾಸ್ಕಾದ ಹೆದ್ದಾರಿಯಲ್ಲಿ ಸಂಚರಿಸುವವರು ಆ ನಾಡನ್ನು ನಿರ್ಜನವೆಂದು ವರ್ಣಿಸಬಹುದು. ಆದಿನಿವಾಸಿಗಳಾದರೋ ಅಲ್ಲಿ ಸಹಸ್ರಾರು ವರ್ಷಗಳಿಂದ ಬಾಳುತ್ತಿರುವರು. ತುಂಗಭದ್ರೆಯ ಉತ್ತರದಂಡೆಯ ಬಂಡೆಗಳನ್ನು ಕಂಡು ಅದೇ ಮಾತನ್ನಾಡುವವರು ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಗುಡ್ಡವನ್ನೇರಿ ನೋಡಲಿ. ಶಿಲಾಯುಗದ ತರುವಾಯದ ಕಬ್ಬಿಣಯುಗದ ಜನರು ಕಲ್ಲುಚಪ್ಪಡಿಗಳಿಂದ ಕಟ್ಟಿದ ನೂರಾರು ಸಮಾಧಿಗಳೂ, ಬಡಿದರೆ ದನಿಗೊಡುವ ಕಲ್ಲಿನ ನಗಾರಿಯೂ ಅಲ್ಲಿವೆ. ಇಟಗಿಯ ಮಹಾದೇವಾಲಯವನ್ನು 1112ರಲ್ಲಿ ಕಟ್ಟಿಸಿದ ನಾಡು, ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯೆಂದು ಎಣಿಸಿದ ಕೊಪಣವಿರುವ ನಾಡು, ನಿರ್ಜನವಾದೀತೆ?

ನಮ್ಮವರಿಗೆ ಮನೆಯನ್ನು ಹೊತ್ತ ಪಯಣವು ಹೊಸದಲ್ಲ. ಬಂಡಿಗೆ ಕಮಾನು ಕಟ್ಟಿ, ರೊಟ್ಟಿ ಬುತ್ತಿಯೊಡನೆ ಹುಲಿಗಿಯ ಜಾತ್ರೆಗೂ ಗವಿಮಠದ ಜಾತ್ರೆಗೂ ಹೊರಟು, ಗಿಡದ ನೆರಳಿನಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿದವರನ್ನು ಹಿರಿಯರು ಬಲ್ಲರು. ಅದು ಸಂತೋಷದ ಪಯಣ. ಇನ್ನೊಂದು ಪಯಣವೂ ಉಂಟು. ಮಳೆ ಕೈಕೊಟ್ಟ ವರ್ಷ ಕುಷ್ಟಗಿ ಯಲಬುರ್ಗಿಗಳ ಕುಟುಂಬಗಳು ಹಿಟ್ಟು, ಪಾತ್ರೆ, ಹಾಸಿಗೆ, ಕೂಸುಗಳನ್ನು ಕಟ್ಟಿಕೊಂಡು ಬೆಂಗಳೂರಿಗೂ ಮಂಗಳೂರಿಗೂ ಗೋವೆಗೂ ಗುಳೆ ಹೋಗುತ್ತವೆ. ಬಾಗಿಲಿಗೆ ಬೀಗ ಬಿದ್ದ ಮನೆಯ ಕಟ್ಟೆಯ ಮೇಲೆ ಮುದುಕರು ಕುಳಿತಿರುತ್ತಾರೆ. ಮನೆಯನ್ನು ನಿಜವಾಗಿ ಹೊತ್ತು ನಡೆದವರು ಇವರೇ. ಆಲೂಗಡ್ಡೆಯ ಹೊಲದ ಕೂಲಿಗಳನ್ನು ಸ್ಟೈನ್‌ಬೆಕ್ಕನು ಕರೆದು ಕೂರಿಸಿದನು. ಗುಳೆಯ ದಾರಿಯನ್ನು ಪ್ರವಾಸವೆಂದೇ ನಮ್ಮ ಪ್ರವಾಸಲೇಖಕರು ಎಣಿಸಿದಂತಿಲ್ಲ.

ನಮ್ಮ ತರುಣರು ದೂರದ ಹಿಮದ ನಾಡುಗಳಿಗೆ ಅಗತ್ಯವಾಗಿ ಹೋಗಿ ಬರಲಿ, ಬರೆಯಲಿ. ಆದರೆ ಊರನ್ನು ಬಿಡುವ ಮುನ್ನ, ನಸುಕಿನಲ್ಲಿ ಕುಷ್ಟಗಿಯ ಬಸ್ಸಿನ ನಿಲ್ದಾಣದಲ್ಲಿ ಗಂಟುಗಳ ಮೇಲೆ ಕುಳಿತವರ ಬಳಿ ಒಂದು ಗಳಿಗೆ ಕೂತು ಮಾತನಾಡಲಿ. ಅವರು ಆಡಿದುದನ್ನು ಆಡಿದಂತೆಯೇ ಬರೆದುಕೊಳ್ಳಲಿ. ಕಾಣುವ ವಿದ್ಯೆಗೆ ಅದೇ ಮೊದಲ ಪಾಠವಾದೀತು.