ಬಲ್ಬಿನೊಳಗಿನ ಎಳೆ

ಅಪಘಾತಕ್ಕೀಡಾದ ಹಳೆಯ ಕಾರಿನ ಹೆಡ್‌ಲೈಟಿನಿಂದ ಬಿಚ್ಚಿದ ಬಲ್ಬನ್ನು ಭೂತಗನ್ನಡಿಯಡಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಹೊಸ ಬಲ್ಬಿನಲ್ಲಿ ಟಂಗ್‌ಸ್ಟನ್ ಎಳೆ ಪುಟ್ಟ ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಿಕೊಂಡಿರುತ್ತದೆ. ಈ ಹಳೆಯ ಬಲ್ಬಿನಲ್ಲಿ ಸುರುಳಿಗಳೆಲ್ಲ ಸಡಿಲಗೊಂಡು, ಒಂದೇ ದಿಕ್ಕಿಗೆ ವಾಲಿ, ಯಾರೋ ಜಗ್ಗಿ ಬಿಟ್ಟ ಉಣ್ಣೆಯ ನೂಲಿನ ಹಾಗೆ ಜೋತುಬಿದ್ದಿವೆ. ಎಳೆ ಮಾತ್ರ ತುಂಡಾಗಿಲ್ಲ. ಬಲ್ಲವರು ಅದನ್ನು ಕಂಡೊಡನೆ ಹೇಳುತ್ತಾರೆ: ಡಿಕ್ಕಿಯಾದಾಗ ಈ ದೀಪ ಉರಿಯುತ್ತಿತ್ತು.

ಉರಿಯುವ ಎಳೆಯ ಕಾವು 2,500 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆ ಕಾವಿನಲ್ಲಿ ಅಷ್ಟು ಗಟ್ಟಿಯಾದ ಲೋಹವೂ ಮೆತ್ತಗಾಗುತ್ತದೆ. ಕಾರು ಥಟ್ಟನೆ ನಿಂತಾಗ ಎಳೆ ಇನ್ನೂ ಮುಂದಕ್ಕೆ ಹೋಗಲು ಹವಣಿಸಿ ಹಿಗ್ಗುತ್ತದೆ. ದೀಪ ಆರಿದ್ದರೆ ಅದೇ ಎಳೆ ಪೆಡಸು. ಬಳೆಯಂತೆ ಪಟ್ಟನೆ ಮುರಿದು, ಚೂಪಾದ, ಹೊಳೆಯುವ ತುದಿಗಳನ್ನು ಉಳಿಸುತ್ತದೆ. ಉರಿಯುತ್ತಿದ್ದಾಗಲೇ ಗಾಜು ಒಡೆದಿತ್ತೋ, ಒಳನುಗ್ಗಿದ ಗಾಳಿಗೆ ಎಳೆ ಸುಟ್ಟು ಬಣ್ಣಗೆಡುತ್ತದೆ, ಸುತ್ತ ತೆಳ್ಳಗೆ ಆಕ್ಸೈಡಿನ ಪುಡಿ ಕೂರುತ್ತದೆ. ಸಿಡಿದ ಗಾಜಿನ ಕಣಗಳು ಕಾದ ಎಳೆಗೆ ತಾಗಿ ಕರಗಿ, ಹುಲ್ಲಿನ ಎಸಳಿಗೆ ಅಂಟಿದ ಇಬ್ಬನಿಯಂತೆ ಸಾಲಾಗಿ ನಿಲ್ಲುತ್ತವೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿದ್ದ ಜೆ. ಸ್ಟಾನಾರ್ಡ್ ಬೇಕರ್ ಪೊಲೀಸರಿಗಾಗಿ ಅಪಘಾತ ತನಿಖೆಯ ಕೈಪಿಡಿ ಬರೆದವರು. ಇಂಥ ಬಲ್ಬುಗಳನ್ನು ಓದುವ ಕ್ರಮವನ್ನೂ ಕಲಿಸಿಕೊಟ್ಟರು. ‘ಲೈಟ್ ಹಾಕಿದ್ದೆ’, ‘ಹಾಕಿರಲಿಲ್ಲ’ ಎಂಬ ಜಗಳಕ್ಕೆ ಕೂದಲಿನಷ್ಟು ತೆಳುವಾದ ತಂತಿಯೊಂದು ಸಾಕ್ಷಿ ನುಡಿಯುವುದೆಂದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಜೀವ ಹೋದ ಜಾಗದಲ್ಲಿ ಸೊಗಸನ್ನು ಕಾಣಬಹುದೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಕಾಣಬಹುದು ಎಂದೇ ನನ್ನ ನಂಬಿಕೆ. ನಮ್ಮಲ್ಲಿ ಅಪಘಾತದ ದೂರುಗಳೆಲ್ಲ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಒಂದೇ ಪಲ್ಲವಿ ಹಾಡುತ್ತವೆ. ಎಷ್ಟು ವೇಗ? ಆ ಪದಗಳಿಗೆ ಗೊತ್ತಿಲ್ಲ. ಸತ್ತವನ ಪಾಲಿನ ಆ ಅರೆಕ್ಷಣವನ್ನು ಇಷ್ಟು ಶ್ರದ್ಧೆಯಿಂದ, ಮಂಡಿಯೂರಿ ನೋಡುವವರಿದ್ದಾರಲ್ಲ, ಸೊಗಸು ಆ ನೋಟದಲ್ಲಿದೆ.

ಮಂಡಿಯೂರಿ ಎಂದದ್ದು ಅಲಂಕಾರಕ್ಕಲ್ಲ. ಬ್ರೇಕ್ ಒತ್ತಿ ಚಕ್ರ ಕಚ್ಚಿಕೊಂಡಾಗ ರಸ್ತೆಯ ಮೇಲೆ ಕಪ್ಪು ಗೀರು ಬೀಳುತ್ತದೆ. ಅದರ ಮೊದಲ ತುದಿ ನಿಂತವರ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಅದು ಬರಿಯ ನೆರಳು. ಬಗ್ಗಿ, ಕೆನ್ನೆ ನೆಲಕ್ಕೆ ತಾಗುವಷ್ಟು ತಗ್ಗಿ, ಓರೆಬೆಳಕಿನಲ್ಲಿ ಹುಡುಕಬೇಕು. ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂಚಕ್ರದ ಗೀರಿಗೆ ಅಂಚು ಕಟ್ಟಿದಂತೆ ಎರಡೂ ಬದಿ ಹೆಚ್ಚು ಕಪ್ಪು. ಕಾರು ಅಡ್ಡಡ್ಡ ಜಾರಿದ್ದರೆ ಗೀರು ಬಿಲ್ಲಿನಂತೆ ಬಾಗಿ, ಅದರೊಳಗೆ ಬಾಚಣಿಗೆ ಎಳೆದಂಥ ಓರೆಗೆರೆಗಳಿರುತ್ತವೆ.

ಒಣ ಡಾಂಬರಿನ ಮೇಲೆ 20 ಮೀಟರ್ ಜಾರಿ ನಿಂತ ಕಾರು ಮೊದಲಿಗೆ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿತ್ತು ಎನ್ನಬಹುದು. ವೇಗ ಇಮ್ಮಡಿಯಾದರೆ ಗೀರು ನಾಲ್ಮಡಿ: 120ಕ್ಕೆ 80 ಮೀಟರ್. ಆದರೆ ರಸ್ತೆ ಎಷ್ಟು ಹಿಡಿಯುತ್ತದೆಂದು ತಿಳಿಯದೆ ಈ ಲೆಕ್ಕ ನಿಲ್ಲದು. ಅದಕ್ಕಿರುವ ಹಳೆಯ ಉಪಕರಣ ನನಗೆ ತುಂಬಾ ಇಷ್ಟ. ಟೈರಿನ ತುಂಡಿಗೆ ಕಾಂಕ್ರೀಟ್ ತುಂಬಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಅದೇ ರಸ್ತೆಯಲ್ಲಿ ಕೈಯಿಂದ ಎಳೆಯುವುದು. ಹತ್ತು ಕಿಲೋ ತೂಕದ ತುಂಡನ್ನು ಎಳೆಯಲು ತಕ್ಕಡಿ ಏಳು ಕಿಲೋ ತೋರಿಸಿದರೆ ಹಿಡಿತ 0.7. ಐದೇ ತೋರಿಸಿದರೆ 0.5, ಆಗ ಅದೇ 20 ಮೀಟರ್ ಗೀರು 50 ಕಿ.ಮೀ. ಎನ್ನುತ್ತದೆ. ಚಾಲಕನೊಬ್ಬನ ತಪ್ಪು ಒಪ್ಪು ಆ ಹತ್ತರ ಅಂತರದಲ್ಲಿರಬಹುದು.

ಎಲ್‌ಇಡಿ ದೀಪಕ್ಕೆ ಹಿಗ್ಗುವ ಎಳೆಯಿಲ್ಲ. ಎಬಿಎಸ್ ಬ್ರೇಕಿನ ಗೀರು ಕಂಡೂ ಕಾಣದಷ್ಟು ಮಸುಕು. ಈಗ ಕಾರೇ ತನ್ನ ಕೊನೆಯ ಸೆಕೆಂಡುಗಳನ್ನು ಒಳಗಿನ ಪುಟ್ಟ ಪೆಟ್ಟಿಗೆಯೊಂದರಲ್ಲಿ ಬರೆದಿಟ್ಟುಕೊಳ್ಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿಯ ಸೇತುವೆಯಲ್ಲಿ ಕಾರು ಡಿಕ್ಕಿಯಾಗಿ ಉದ್ಯಮಿ ಸೈರಸ್ ಮಿಸ್ತ್ರಿ ಮೃತಪಟ್ಟಾಗ, ಡಿಕ್ಕಿಗೆ ಐದು ಸೆಕೆಂಡ್ ಮುನ್ನ ವೇಗ 100, ಡಿಕ್ಕಿಯಲ್ಲಿ 89 ಎಂದು ಕಾರಿನ ದತ್ತಾಂಶವೇ ತಿಳಿಸಿತು. ನಿಖರವಾದದ್ದು ಬಂದಿದೆ, ಬರಲಿ. ಆದರೂ ಕಾರು ಬಲ್ಲದ್ದು ಕಾರಿನ ಕಥೆಯನ್ನಷ್ಟೇ.

ಪಾದಚಾರಿಯ ಬಳಿ ಅಂಥ ಪೆಟ್ಟಿಗೆ ಇರುವುದಿಲ್ಲ. ಕಾರು ಬಡಿದ ಕ್ಷಣದಲ್ಲಿ ಮೈಭಾರ ಹೊತ್ತಿದ್ದ ಕಾಲಿನ ಚಪ್ಪಲಿ ಡಾಂಬರನ್ನು ಉಜ್ಜಿರುತ್ತದೆ. ಅಟ್ಟೆಯ ಅಡಿಯಲ್ಲಿ ಒಂದಷ್ಟು ತರಚು, ರಸ್ತೆಯ ಮೇಲೆ ಬೆರಳುದ್ದದ ಮಂಕು ಕಲೆ. ಆತ ನಿಂತಿದ್ದ ಜಾಗ ಅದು. ಯಾವ ಕಾಲು ನೆಲದಲ್ಲಿತ್ತು ಎಂಬುದೂ ಅದರಿಂದ ತಿಳಿಯುತ್ತದೆ. ನಾಲ್ಕು ಬಸ್ಸು ಹಾದರೆ, ಒಂದು ಮಳೆ ಬಂದರೆ ಅಳಿಸಿಹೋಗುತ್ತದೆ. ಅಷ್ಟರೊಳಗೆ ಯಾರೋ ಒಬ್ಬರು ಬಂದು, ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟೇಪು ಹಿಡಿಯಬೇಕು.