ಹೂಬಿಡುವ ಮರದ ಮೌನ

ಸಸ್ಯಗಳು ಪರಸ್ಪರ ಮಾತನಾಡುತ್ತವೆಂಬ ವಾರ್ತೆ ಈಚೆಗೆ ಬಹಳ ಪ್ರಚುರವಾಗಿದೆ. ಎಲೆ ಹರಿದ ಪಾಪ್ಲರ್ ಸಸಿಗಳ ನೆರೆಯಲ್ಲಿದ್ದ, ಗಾಯಗೊಳ್ಳದ ಸಸಿಗಳಲ್ಲಿಯೂ ರಕ್ಷಣೆಯ ರಸಗಳು ಹೆಚ್ಚಿದುದನ್ನು ಬಾಲ್ಡ್‌ವಿನ್ ಮತ್ತು ಶುಲ್ಟ್ಸ್ 1983ರಲ್ಲಿ ಪ್ರಕಟಿಸಿದರು. ನೀರಿಲ್ಲದೆ ಬಾಡಿದ ಟೊಮೆಟೊ ಗಿಡಗಳು ಮನುಷ್ಯನ ಕಿವಿಗೆ ನಿಲುಕದ ಸದ್ದು ಮಾಡುತ್ತವೆಂದು 2023ರಲ್ಲಿ ಟೆಲ್ ಅವೀವಿನ ಸಂಶೋಧಕರು ತೋರಿಸಿದರು. ಇವು ಗಾಯದ, ಬಾಯಾರಿಕೆಯ ಕುರುಹುಗಳು. ಇವನ್ನು ಸಂಭಾಷಣೆಯೆಂದು ಕರೆಯುವುದು ಕವಿಸಮಯವೇ ಸರಿ.

ಆ ಕವಿಸಮಯಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಹರಿಹರನ ‘ಪುಷ್ಪರಗಳೆ’ಯ ಭಕ್ತನು ಹೂಗಳನ್ನು ಅಕ್ಕರೆಯಿಂದ ಮಾತನಾಡಿಸುತ್ತಾನೆ. ಆದರೆ ಆ ಅಕ್ಕರೆಯೆಲ್ಲ ಪೂಜೆಗಾಗಿ. ಹೂವಿನ ಇಷ್ಟವೂ ಭಕ್ತನ ಇಷ್ಟವೂ ಅಲ್ಲಿ ಒಂದೇ.

ಎ. ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ತಂದ, 1997ರಲ್ಲಿ ಗ್ರಂಥರೂಪದಲ್ಲಿ ಹೊರಬಂದ ಹೂಬಿಡುವ ಮರದ ಜನಪದ ಕಥೆಯ ರೀತಿ ಬೇರೆ. ಬಡವಿಯ ಮಗಳೊಬ್ಬಳು ಮೈಮೇಲೆ ಒಂದು ಕೊಡ ನೀರು ಸುರಿಸಿಕೊಂಡು ಮರವಾಗುತ್ತಾಳೆ, ಇನ್ನೊಂದು ಕೊಡದಿಂದ ಮತ್ತೆ ಹೆಣ್ಣಾಗುತ್ತಾಳೆ. ಮರವಾಗುವ ಮುನ್ನ ಅಕ್ಕನಿಗೆ ಎಚ್ಚರಿಕೆ ಹೇಳುತ್ತಾಳೆ: ಎಲೆ ಹರಿಯದಂತೆ, ಚಿಗುರು ಮುರಿಯದಂತೆ ಹೂ ಬಿಡಿಸಬೇಕು. ಮರವಾದ ಮೇಲೆ ಮಾತಿಲ್ಲ. ಹೂವು ಎಲ್ಲಿಂದ ಬರುತ್ತದೆಂದು ತಿಳಿಯಲು ರಾಜಕುಮಾರನು ಮಾರುವವರ ಹಿಂದೆಯೇ ಹೋಗುತ್ತಾನೆ. (ಗ್ರಾಂಟ್ ರೋಡಿನ ಭಾಜಿ ಗಲ್ಲಿಯಲ್ಲಿ ಸೊಪ್ಪು ಕೊಳ್ಳುವ ನಮ್ಮಂತಹವರಾರೂ ಆ ದಾರಿ ಹಿಡಿದವರಲ್ಲ.) ಮದುವೆಯಾದ ಮೇಲೆ ನಾದಿನಿಯೂ ಗೆಳತಿಯರೂ ಕೊಂಬೆಗಳನ್ನು ಮುರಿದು, ನೀರನ್ನು ಹೇಗೋ ಚೆಲ್ಲಿ ಹೋಗುತ್ತಾರೆ, ಕೈಕಾಲಿಲ್ಲದ ಮೊಂಡುದೇಹವೊಂದು ಉಳಿಯುತ್ತದೆ.

ಇದು ಹೆಣ್ಣಿನ ಕಥೆಯೆಂಬ ರಾಮಾನುಜನ್ನರ ವಿವೇಚನೆ ಒಪ್ಪತಕ್ಕದ್ದು. ಆದರೆ ಅದನ್ನೇ ಹಿಡಿದು ಮರವನ್ನು ಬರಿಯ ಸಂಕೇತವೆನ್ನುವವರು ಕಥೆಯ ಅರ್ಧವನ್ನು ಕಳೆದುಕೊಳ್ಳುತ್ತಾರೆಂದು ನನ್ನ ಅಭಿಪ್ರಾಯ. ಹೆಣ್ಣಿಗಾದ ಹಿಂಸೆ ನಮಗೆ ತಿಳಿಯುವುದು ಮುರಿದ ಕೊಂಬೆಯಿಂದಲೇ. ಕೊಂಬೆಗೆ ನೋವಿಲ್ಲವೆಂದರೆ ಕಥೆಯೇ ನಿಲ್ಲದು. ಕಥೆ ಮರಕ್ಕೆ ಮನುಷ್ಯನ ನಾಲಗೆಯನ್ನು ಕೊಡದೆ, ತಿಳಿಯುವ ಹೊಣೆಯನ್ನು ಹೂ ಕೀಳುವವರ ಕೈಗೆ ಒಪ್ಪಿಸಿದೆ. ಪ್ರಯೋಗಶಾಲೆಯ ಹರಿದ ಎಲೆಗೆ ಈ ಕಥೆ ಹರಿಹರನ ಉದ್ಯಾನಕ್ಕಿಂತ ಹತ್ತಿರ.

ಕೊನೆಗೆ ವಿರಕ್ತನಾಗಿ ಅಲೆದ ಗಂಡನು ಅವಳನ್ನು ಗುರುತಿಸಿ ನೀರೆರೆಯುತ್ತಾನೆ. ಅವಳು ಮುರುಕು ಮರವಾಗುತ್ತಾಳೆ. ಅವನು ಮುರಿದ ಒಂದೊಂದು ಕೊಂಬೆಯನ್ನೂ ಹರಿದ ಎಲೆಯನ್ನೂ ನೋಡಿ, ನೇರ್ಪಡಿಸಿ, ಬಳಿಕವೇ ಎರಡನೆಯ ಕೊಡವನ್ನೆತ್ತುತ್ತಾನೆ. ಆಗಲೂ ಮರ ಮಾತನಾಡುವುದಿಲ್ಲ.