ದುಡಿದ ದಿನದ ಮೇಲೊಂದು ಮಾಲ್ಗುಡಿ

ಸಹಕಾರ ಸಂಘದ ಕೌಂಟರಿನಲ್ಲಿ ಸೋಮವಾರ ಹೇಗಿರಬೇಕೋ ಹಾಗೆಯೇ ಇತ್ತು. ಪಾಸ್‌ಬುಕ್ ಎಂಟ್ರಿ, ಸಾಲದ ಕಂತು, ವಾಯಿದೆ ಮುಗಿದ ಠೇವಣಿ. ನಡುವೆ ಸರ್ವರ್ ನಿಂತಿತು, ಮತ್ತೆ ಬಂತು. ಹೆಬ್ಬೆಟ್ಟು ಒತ್ತುವ ಅಜ್ಜಿಯೊಬ್ಬರು ಮೊಮ್ಮಗಳ ಕಾಲೇಜು ಫೀಜನ್ನು ಬೆರಳ ಗೆಣ್ಣಿನಲ್ಲಿ ಎಣಿಸಿ, ಅಷ್ಟೇ ಹಣ ಬಿಡಿಸಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಸಂಜೆ ಕ್ಯಾಶ್ ತಾಳೆಯಾಯಿತು. ಮನೆಗೆ ಬಂದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅನ್ನಿಸುವ ದಿನ. ಇಂಥ ದಿನಗಳಲ್ಲೇ ಊಟ ಮುಗಿಸಿ ನಾನು 'ಮಾಲ್ಗುಡಿ ಡೇಸ್' ಹಾಕಿಕೊಳ್ಳುವುದು. ಇಂಥ ದಿನಗಳ ಮೇಲೆ ಅಷ್ಟು ಅಕ್ಕರೆ ಇಟ್ಟ ಇನ್ನೊಂದು ಧಾರಾವಾಹಿಯನ್ನು ನಾನು ನೋಡಿಲ್ಲ.

ಶುರುವಾಗುವಾಗಲೇ ಒಂದು ಸುಖವಿದೆ. ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಜೊತೆಗೆ ಎಲ್. ವೈದ್ಯನಾಥನ್ ಅವರ ಆ ಸಂಗೀತ. ಮಾತಿಲ್ಲದೆ ಬರೀ ಗುನುಗಿಕೊಳ್ಳುವ ರಾಗ ಅದು. ಕೆಲಸಕ್ಕೆ ಹೊರಟವನ ಬಾಯಲ್ಲಿ ತಾನಾಗಿ ಬರುವಂಥದ್ದು. ಅಣ್ಣ ಆರ್.ಕೆ. ನಾರಾಯಣ್ ಕಥೆಗಳಲ್ಲಿ ಕಟ್ಟಿದ ಮಾಲ್ಗುಡಿ ಎಂಬ ಊರಿಗೆ ತಮ್ಮ ಗೆರೆ ಎಳೆದಿದ್ದಾರೆ ಎನ್ನುವುದು ನೆನಪಾದಾಗಲೆಲ್ಲ ಆ ಚಿತ್ರಗಳ ಮೇಲೆ ನನಗೆ ಇನ್ನಷ್ಟು ಪ್ರೀತಿ.

ನಾರಾಯಣ್ ಅವರದೇ ಕಾದಂಬರಿಯಿಂದ ಬಂದ 1965ರ 'ಗೈಡ್' ಚಿತ್ರ ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋಗಿತ್ತು. ಅದರಿಂದಾದ ಬೇಸರವನ್ನು ಅವರು ಲೇಖನವಾಗಿಯೇ ಬರೆದಿಟ್ಟರು. ಇಪ್ಪತ್ತು ವರ್ಷ ಕಳೆದು ಈ ಧಾರಾವಾಹಿಯನ್ನು ನಿರ್ದೇಶಿಸಲು ಶಂಕರ್‌ನಾಗ್ ಆಗುಂಬೆಗೆ ಹೋದರು. ಹೆಂಚಿನ ಮಾಡು, ಮರದ ಕಂಬ, ಜಗಲಿ, ಅಂಗಳವಿದ್ದ ಅಲ್ಲಿನ 'ದೊಡ್ಡಮನೆ' ಕಥೆಗಳ ಪುಟ್ಟ ಹುಡುಗ ಸ್ವಾಮಿಯ ಮನೆಯಾಯಿತು. ಅರಸಾಳು ಎಂಬ ಪುಟ್ಟ ರೈಲು ನಿಲ್ದಾಣ ಮಾಲ್ಗುಡಿ ನಿಲ್ದಾಣವಾಯಿತು. ಊರಿನ ಹಸಿ ಗಾಳಿ, ಪಾಚಿ ಹಿಡಿದ ಗೋಡೆ ಎಲ್ಲವೂ ಪರದೆಯ ಮೇಲೆ ಬಂದವು. ಧಾರಾವಾಹಿಯ ಮಾತು ಹಿಂದಿ. ಆದರೆ ಗಿರೀಶ ಕಾರ್ನಾಡ, ಅನಂತ್‌ನಾಗ್, ವೈಶಾಲಿ ಕಾಸರವಳ್ಳಿ, ರಮೇಶ್ ಭಟ್ ಇರುವ ಕಡೆ ಹಿಂದಿಗೂ ನಮ್ಮ ಕಡೆಯ ರಾಗ ಬಂದುಬಿಡುತ್ತದೆ. ಆ ಹಿಂದಿಯನ್ನು ಕೇಳುವುದೇ ನನಗೊಂದು ಖುಷಿ.

ಸ್ವಾಮಿಯ ಧೈರ್ಯಪರೀಕ್ಷೆಯ ಕಥೆ ಎಲ್ಲರಿಗೂ ನೆನಪಿದೆ. ಹುಲಿಯನ್ನು ಎದುರಿಸಿದ ಹುಡುಗನ ಸುದ್ದಿ ಓದಿದ ಅಪ್ಪ, ಅಜ್ಜಿಯ ಪಕ್ಕ ಮಲಗುವ ಮಗನಿಗೆ 'ಇವತ್ತು ಒಬ್ಬನೇ ಮಲಗು' ಅನ್ನುತ್ತಾನೆ. ಕತ್ತಲಲ್ಲಿ ಬಂದದ್ದು ದೆವ್ವವೆಂದೇ ನಂಬಿ ಹುಡುಗ ಅದರ ಕಾಲು ಕಚ್ಚುತ್ತಾನೆ, ಸಿಕ್ಕಿಬೀಳುವುದು ಕಳ್ಳ. ಮರುದಿನ ಊರೆಲ್ಲ ಹೊಗಳಿಕೆ. ನನಗೆ ಇಷ್ಟವಾಗುವುದು ಅದರ ನಂತರದ್ದು: ವೀರನೆನಿಸಿಕೊಂಡವನು ರಾತ್ರಿಯಾದ ಕೂಡಲೇ ಮತ್ತೆ ಅಜ್ಜಿಯ ಪಕ್ಕ ಸೇರಿಕೊಳ್ಳುತ್ತಾನೆ. ಸ್ವಾಮಿಯಾದ ಮಾಸ್ಟರ್ ಮಂಜುನಾಥನ ಆ ಅಗಲ ಕಣ್ಣುಗಳಲ್ಲಿ ಹೆದರಿಕೆಯೂ ಹಟವೂ ಒಟ್ಟಿಗೇ ಕಾಣುತ್ತವೆ.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಅಂಚೆಯವನ ಕಥೆಯ ಹತ್ತಿರ. ತಾನಪ್ಪ ಕಾಗದ ಕೊಟ್ಟು ಸುಮ್ಮನೆ ಹೋಗುವವನಲ್ಲ. ಪ್ರತಿ ಮನೆಯಲ್ಲೂ ನಿಂತು ಮಾತಾಡಬೇಕು, ಯಾರ ಮಗ ಎಲ್ಲಿದ್ದಾನೆ, ಯಾರ ಮನಿಯಾರ್ಡರು ತಡವಾಗಿದೆ, ಎಲ್ಲವೂ ಅವನಿಗೆ ಬೇಕು. ಅಂಥ ಮನೆಗಳಲ್ಲಿ ಒಂದು ರಾಮಾನುಜಂ ಅವರದು; ಅವರ ಮಗಳು ಕಾಮಾಕ್ಷಿಯನ್ನು ಹುಟ್ಟಿದಾಗಿನಿಂದ ನೋಡಿದವನು. ಅವಳ ಮದುವೆ ತಪ್ಪಿದರೆ ಮತ್ತೆ ವರುಷಗಟ್ಟಲೆ ಕಾಯಬೇಕು. ಆ ಹೊತ್ತಿಗೇ ಬಂಧುವೊಬ್ಬರ ಕಾಯಿಲೆಯ ಕಾರ್ಡು, ಬೆನ್ನಿಗೇ ಸಾವಿನ ತಂತಿ. ಮನೆಮನೆಗೂ ತಪ್ಪದೆ ಕಾಗದ ಮುಟ್ಟಿಸಿದ ಅವನು ಇವೆರಡನ್ನು ಮಾತ್ರ ತಡೆದಿಟ್ಟುಕೊಳ್ಳುತ್ತಾನೆ. ಮದುವೆ ಸಾಂಗವಾಗಿ ಮುಗಿದ ಮೇಲೆ ತಂದುಕೊಟ್ಟು, ಬೇಕಿದ್ದರೆ ದೂರು ಕೊಡಿ, ನನ್ನ ಕೆಲಸ ಹೋಗುತ್ತದೆ ಎನ್ನುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ, ಆದರೆ ಖುಷಿಯೂ ಪಡುವುದಿಲ್ಲ.

ಸತ್ತವರ ಮನೆಗೆ ಹೋಗಲಾಗದ ಸಂಕಟ ಒಂದು ಕಡೆ, ಮಗಳ ಬಾಳು ಇನ್ನೊಂದು ಕಡೆ. ತಾನಪ್ಪ ಮಾಡಿದ್ದು ಸರಿ ಎಂದು ಕಥೆ ತೀರ್ಪು ಕೊಡುವುದಿಲ್ಲ. ಕೌಂಟರಿನಲ್ಲಿ ಕೂತು ದಿನವಿಡೀ ನಿಯಮ ಪಾಲಿಸುವ ನನ್ನಂಥವನಿಗೆ ಆ ಅಂಚೆಯವನ ಅಳುಕು ಚೆನ್ನಾಗಿ ಅರ್ಥವಾಗುತ್ತದೆ. ಅವನು ನಿಯಮ ಮುರಿದದ್ದು ಸೋಮಾರಿತನದಿಂದಲ್ಲ. ಕೆಲಸವನ್ನು ಅಷ್ಟು ಹಚ್ಚಿಕೊಂಡಿದ್ದರಿಂದಲೇ ಆ ಮನೆಯವರು ಅವನಿಗೆ ಬರೀ ವಿಳಾಸವಾಗಿ ಉಳಿದಿರಲಿಲ್ಲ.

ಶಂಕರ್‌ನಾಗ್ 1990ರಲ್ಲಿ ತೀರಿಕೊಂಡರು. ಆಮೇಲೆ, 2006ರಲ್ಲಿ, ಕವಿತಾ ಲಂಕೇಶ್ ಇನ್ನಷ್ಟು ಕಂತುಗಳನ್ನು ನಿರ್ದೇಶಿಸಿದರು. ನಾನು ಮತ್ತೆಮತ್ತೆ ಹೋಗುವುದು ಹಳೆಯವಕ್ಕೇ.

ನೋಡದವರಲ್ಲಿ ಒಂದು ಕೇಳಿಕೆ. ರಜೆಯ ದಿನ ಕೂತು ಒಟ್ಟಿಗೇ ಏಳೆಂಟು ಕಂತು ನುಂಗಬೇಡಿ. ಒಂದೊಂದೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ದುಡಿದು ಬಂದ ಸಂಜೆ, ಫೋನು ಆಚೆ ಇಟ್ಟು, ಒಂದೇ ಒಂದು ನೋಡಿ. ಮೊದಲಿಗೆ ಅಂಚೆಯವನದ್ದೇ ಇರಲಿ.